ಕಾಲ್ಚೆಂಡಿನ ಬೆನ್ನು ಹತ್ತಿ

2017ರ ಜುಲೈ ತಿಂಗಳ ಕೊನೆಯ ದಿನ ನಾನು ನಿವೃತ್ತನಾದೆ. ಹಾರ, ಶಾಲು, ಫಲತಾಂಬೂಲ, ಭಾಷಣಗಳೆಲ್ಲ ಮುಗಿದವು. ಮರುದಿನ ಬೆಳಿಗ್ಗೆ ಅಭ್ಯಾಸಬಲದಿಂದ ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದವನನ್ನು ಮನೆಯವರು "ಎಲ್ಲಿಗೆ?" ಎಂದು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ನಿವೃತ್ತರಾದ ನನ್ನ ಸಹೋದ್ಯೋಗಿಗಳು ಕಾಶಿ, ರಾಮೇಶ್ವರ ಎಂದು ಹೊರಟವರು. ನಾನು ಅಕ್ಟೋಬರಿನಲ್ಲಿ ದೆಹಲಿಗೆ ಹೊರಟೆ, ಹುಡುಗರ ಫುಟ್‌ಬಾಲ್ ನೋಡಲು. ಈ ಸಂಗತಿ ಸಿ.ಎಸ್. ಪುರದಲ್ಲಿ ಕೆಲವು ದಿನ ನಗೆಯ ವಸ್ತುವಾಗಿತ್ತೆಂಬುದನ್ನು ಬಲ್ಲೆ. ನಕ್ಕವರಲ್ಲಿ ಇದನ್ನು ಓದುತ್ತಿರುವ ನೆಂಟರೂ ಇದ್ದಾರೆ.

ಅದು ಹದಿನೇಳು ವರ್ಷದೊಳಗಿನ ಬಾಲಕರ ವಿಶ್ವಕಪ್. ಅಕ್ಟೋಬರ್ 6ರಿಂದ 28ರವರೆಗೆ ದೆಹಲಿ, ಕೋಲ್ಕತ್ತ, ಗುವಾಹಟಿ, ಕೊಚ್ಚಿ, ನವಿ ಮುಂಬಯಿ ಮತ್ತು ಗೋವೆಯ ಮಡಗಾಂವ್‌ಗಳಲ್ಲಿ 24 ದೇಶಗಳ ತಂಡಗಳು ಆಡಿದವು. ಫಿಫಾದ ಪಂದ್ಯಾವಳಿಯೊಂದನ್ನು ಭಾರತ ನಡೆಸಿದ್ದು ಅದೇ ಮೊದಲು. ಅಂತಹ ವಿಶ್ವಕಪ್ಪಿನಲ್ಲಿ ಭಾರತದ ತಂಡವೊಂದು ಆಡಿದ್ದೂ ಅದೇ ಮೊದಲು. ಬೆಂಗಳೂರಿಗೆ ಒಂದು ಪಂದ್ಯವೂ ದಕ್ಕಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರು ಬಹುಪಾಲು ಬರಿಗಾಲಿನಲ್ಲೇ ಆಡಿ ಫ್ರಾನ್ಸಿಗೆ 1-2ರಿಂದ ಸೋತಾಗ, ಭಾರತದ ಆ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅಂತಹ ಊರನ್ನು ಬಿಟ್ಟದ್ದೇಕೋ ಎಂದು ಗೊಣಗುತ್ತಲೇ ರೈಲು ಹತ್ತಿದೆ.

ತೆಂಗು, ಅಡಿಕೆ, ರಾಗಿಯ ನಡುವೆ ಬೆಳೆದ ಮೇಷ್ಟರಿಗೆ ಫುಟ್‌ಬಾಲ್ ಹುಚ್ಚು ಹಿಡಿದದ್ದು ಹೇಗೆಂದು ಕೇಳಬಹುದು. ಕಾರಣ ದೂರದರ್ಶನ. 1986ರಲ್ಲಿ ಮೆಕ್ಸಿಕೋದ ಪಂದ್ಯಗಳನ್ನು ಗುಬ್ಬಿಯ ಬಂಧುಗಳ ಮನೆಯಲ್ಲಿ, ಕಪ್ಪು ಬಿಳುಪಿನ ಪೆಟ್ಟಿಗೆಯ ಮುಂದೆ, ಮನೆಯವರೆಲ್ಲ ಮಲಗಿದ ಮೇಲೆ ಧ್ವನಿ ತಗ್ಗಿಸಿ ನೋಡಿದೆ. ಮರಡೋನ ಇಂಗ್ಲೆಂಡಿನ ಆಟಗಾರರನ್ನು ಒಬ್ಬೊಬ್ಬರಾಗಿ ದಾಟಿಕೊಂಡು ಹೋದ ಆ ಗೋಲನ್ನು ಕಂಡ ಮೇಲೆ ಬೇರೆ ಆಟ ಹಿಡಿಸಲಿಲ್ಲ. ಕಾಲಿನಿಂದ ಒದ್ದು ಆಡುವವನಲ್ಲ ನಾನು, ನೋಡುವವನು ಮಾತ್ರ.

ಈಗ ನಾನು ಬರೆಯಬೇಕೆಂದು ಕುಳಿತ ವಿಷಯಕ್ಕೆ ಬರುತ್ತೇನೆ. 1994ರ ಜುಲೈ 17ರಂದು ಅಮೆರಿಕದಲ್ಲಿ ಬ್ರೆಜಿಲ್ ಮತ್ತು ಇಟಲಿಯ ನಡುವೆ ಫೈನಲ್. ನಮಗೆ ಅದು ಮಧ್ಯರಾತ್ರಿ ಕಳೆದ ಮೇಲೆ ಆರಂಭವಾಗಿ, ಗೋಲಿಲ್ಲದೆ, ಹೆಚ್ಚುವರಿ ಸಮಯವೂ ಕಳೆದು, ಪೆನಾಲ್ಟಿಗಳಲ್ಲಿ ಮುಗಿಯಿತು. ಇಟಲಿಯ ಬ್ಯಾಜಿಯೋ ಒದ್ದ ಚೆಂಡು ಕಂಬದ ಮೇಲಿಂದ ಹಾರಿಹೋಯಿತು. ಆಗಲೇ ಬೆಳಗಿನ ಜಾವ. ಸೋಮವಾರ. ಕಣ್ಣೆವೆ ಮುಚ್ಚದೆ ಶಾಲೆಗೆ ಹೋಗಿ ಹತ್ತನೆಯ ತರಗತಿಗೆ ಭೂಪಟ ತೂಗುಹಾಕುತ್ತಿದ್ದೆ. ಕಿಟಕಿಯ ಮೂಲಕ ಚೆಂಡೊಂದು ಬಂದು ಭೂಪಟಕ್ಕೆ ಬಡಿದು ಅದನ್ನು ಗೋಡೆಯಿಂದ ಕೆಡವಿತು.

ಒದ್ದವನು ನನ್ನದೇ ತರಗತಿಯ ಹುಡುಗ. ಅವನೂ ಯಾರದೋ ಮನೆಯಲ್ಲಿ ರಾತ್ರಿಯಿಡೀ ಪಂದ್ಯ ನೋಡಿ, ಬ್ಯಾಜಿಯೋ ಹೇಗೆ ಒದೆಯಬೇಕಾಗಿತ್ತೆಂಬುದನ್ನು ಗೆಳೆಯರಿಗೆ ತೋರಿಸುತ್ತಿದ್ದನಂತೆ. ಅದು ನನಗೆ ಆಗ ತಿಳಿದಿದ್ದರೆ ನಕ್ಕುಬಿಡುತ್ತಿದ್ದೆನೋ ಏನೋ. ನಿದ್ದೆಗೆಟ್ಟ ಸಿಟ್ಟಿನಲ್ಲಿ ಎರಡು ಏಟು ಕೊಟ್ಟೆ. ಚೆಂಡನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, "ಪರೀಕ್ಷೆ ಮುಗಿದ ಮೇಲೆ ಬಂದು ತಗೋ" ಎಂದೆ. ಅವನು ಬಂದು ಕೇಳಲಿಲ್ಲ. ನಾನೂ ಮರೆತೆ. ಮುಂದೊಂದು ಬೇಸಿಗೆಯಲ್ಲಿ ಸುಣ್ಣ ಬಳಿಯುವಾಗ ಬೀರು ಖಾಲಿಯಾಯಿತು. ಚೆಂಡು ಎಲ್ಲಿ ಹೋಯಿತೆಂದು ಯಾರೂ ವಿಚಾರಿಸಲಿಲ್ಲ. ಹುಡುಗ ಆ ವರ್ಷ ಎಸ್.ಎಸ್.ಎಲ್.ಸಿ.ಯಲ್ಲಿ ಒಂದು ವಿಷಯದಲ್ಲಿ ನಪಾಸಾದ. ಅದು ನನ್ನ ವಿಷಯವೇ, ಸಮಾಜ ವಿಜ್ಞಾನ. ಮರುಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಮುಂದೆ ಸೈನ್ಯಕ್ಕೆ ಸೇರಿದನೆಂದು ಕೇಳಿದ್ದೆ.

ಹೆಸರು ಬರೆಯುವುದಿಲ್ಲ. ಆ ತಂಡದವರಿಗೆ ತಿಳಿದೇ ಇರುತ್ತದೆ. ನನ್ನ ಬೀಳ್ಕೊಡುಗೆಯ ಸುದ್ದಿ ತಿಳಿದು ದೆಹಲಿಯಿಂದ ದೂರವಾಣಿ ಮಾಡಿದವನು ಅವನೇ. ಆಗ ಹವಾಲ್ದಾರನಾಗಿದ್ದ. "ನಿಮಗೆ ಫುಟ್‌ಬಾಲ್ ಅಂದ್ರೆ ಇಷ್ಟ ಅಲ್ವಾ ಸಾರ್, ಬನ್ನಿ, ಟಿಕೆಟ್ ನಾನು ತೆಗೀತೀನಿ" ಎಂದ. ಅವನಿಗೆ ಇದು ಹೇಗೆ ಗೊತ್ತು ಎಂದು ಕೇಳಿದರೆ, "ಸೋಮವಾರ ಬೆಳಿಗ್ಗೆ ನಿಮ್ಮ ಕಣ್ಣು ನೋಡಿದ್ರೆ ಎಲ್ರಿಗೂ ಗೊತ್ತಾಗ್ತಿತ್ತು" ಎಂದು ನಕ್ಕ.

ಆರನೆಯ ತಾರೀಖಿನ ಸಂಜೆ ಬೆಂಗಳೂರಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆ. ಚೀಲದಲ್ಲಿ ರಾಗಿ ಹಿಟ್ಟು, ಕೊಬ್ಬರಿ, ಹುರಿಗಾಳು. ಅದೇ ರಾತ್ರಿ ಭಾರತ ಅಮೆರಿಕಕ್ಕೆ 0-3ರಿಂದ ಸೋತ ಸುದ್ದಿ ರೈಲಿನಲ್ಲೇ ತಿಳಿಯಿತು. ಗುಂತಕಲ್, ಸೊಲ್ಲಾಪುರ, ಮನಮಾಡ್, ಭೋಪಾಲ್, ಝಾನ್ಸಿ: ಮೂವತ್ತು ವರ್ಷಕ್ಕೂ ಮಿಕ್ಕಿ ಭೂಪಟದ ಮೇಲೆ ಕೋಲು ಇಟ್ಟು ತೋರಿಸಿದ ಊರುಗಳು ಕಿಟಕಿಯಲ್ಲಿ ಒಂದೊಂದಾಗಿ ಬಂದುಹೋದವು. ನರ್ಮದೆಯನ್ನು ದಾಟುವಾಗ, ಅದು ಪಶ್ಚಿಮಕ್ಕೆ ಹರಿಯುವ ನದಿಯೆಂದು ಎದುರಿಗಿದ್ದ ಮಗುವಿಗೆ ಪಾಠ ಆರಂಭಿಸಿದೆ. ಅದರ ತಾಯಿ ಗೌರವದಿಂದ ಕೇಳಿಸಿಕೊಂಡರು, ಮಗು ಮಲಗಿತು.

ಒಂಬತ್ತನೆಯ ತಾರೀಖು ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಎರಡು ಪಂದ್ಯ. ಮೊದಲು ಘಾನಾ ಮತ್ತು ಅಮೆರಿಕ, ರಾತ್ರಿ ಭಾರತ ಮತ್ತು ಕೊಲಂಬಿಯ. ಒಳಹೋಗುವ ಸಾಲು ಬಹಳ ಉದ್ದವಿತ್ತು. ನೀರಿನ ಬಾಟಲಿ ಬಿಡಲಿಲ್ಲ, ನನ್ನ ಎಲೆಯಡಿಕೆ ಡಬ್ಬಿಯನ್ನಂತೂ ಮೂವರು ಸೇರಿ ಪರೀಕ್ಷಿಸಿದರು. ಆ ಸಾಲಿನಲ್ಲಿ ನಿಂತಿರುವಾಗ, ಮಾತಿಗೆ ಮಾತು ಬಂದು, "ನಿನ್ನ ಚೆಂಡು ನನ್ನ ಹತ್ತಿರವೇ ಉಳಿದುಬಿಟ್ಟಿತಲ್ಲಯ್ಯ" ಎಂದೆ. ತಮಾಷೆಯ ದನಿಯಲ್ಲೇ ಹೇಳಿದ್ದೆ.

ಅವನೂ ತಮಾಷೆಯಾಗಿಯೇ ಉತ್ತರಿಸಿದ. "ಅದು ನಂದಲ್ಲ ಸಾರ್. ಬೆಂಗಳೂರಿನ ಚಿಕ್ಕಪ್ಪನ ಮಗಂದು. ನೂರಾ ಇಪ್ಪತ್ತು ರೂಪಾಯಿ. ಚಿಕ್ಕಪ್ಪ ಬಿಡಲಿಲ್ಲ, ಕೊಡಲೇಬೇಕು ಅಂದ್ರು. ಅಪ್ಪನಿಗೆ ಹೇಳೋ ಹಂಗಿರಲಿಲ್ಲ. ಒಂದು ತಿಂಗಳು ಕಾಯಿ ಸುಲಿಯೋಕೆ ಹೋದೆ."

ಕಾಯಿ ಸುಲಿಯುವುದೆಂದರೆ ಏನೆಂಬುದು ನಮ್ಮ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ನೆಲಕ್ಕೆ ನೆಟ್ಟ ಹಾರೆಯ ಮೊನೆಗೆ ಕಾಯಿಯನ್ನು ಕುಟ್ಟಿ ತಿರುವಬೇಕು. ದೊಡ್ಡವರ ತೋಳೇ ಸಂಜೆಯ ವೇಳೆಗೆ ಸೋಲುತ್ತದೆ. ಕೈ ಜಾರಿದರೆ ಅಂಗೈ ಹೋಯಿತು. ಅವನಿಗೆ ಆಗ ಹದಿನೈದು ವರ್ಷ. ಆ ತಿಂಗಳು ನನಗೆ ನೆನಪಿತ್ತು. ನಾನೇ ತರಗತಿ ಶಿಕ್ಷಕ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಸಾಲಾಗಿ ಕೆಂಪು ಶಾಯಿಯಲ್ಲಿ ಗೈರು ಹಾಕಿದವನು ನಾನು. ಅವನು ಹಿಂದಿರುಗಿದ ದಿನ, ಉಂಡಾಡಿಯಾಗಿ ತಿರುಗುತ್ತಿದ್ದೀಯ ಎಂದು ಎಲ್ಲರ ಮುಂದೆ ನಿಲ್ಲಿಸಿ ಹೇಳಿದವನೂ ನಾನೇ. ಆ ತಿಂಗಳಲ್ಲಿ ನಾನು ಮುಗಿಸಿದ ಪಾಠಗಳನ್ನು ಅವನು ಕೇಳಲೇ ಇಲ್ಲ. ನನ್ನ ವಿಷಯದಲ್ಲೇ ನಪಾಸಾದ.

ಸಾಲು ಮುಂದೆ ಸರಿಯಿತು. ನಾನು ಏನನ್ನೂ ಹೇಳಲಿಲ್ಲ. ಹೇಳಬೇಕಾಗಿತ್ತು.

ಒಳಗೆ ನಲವತ್ತು ಸಾವಿರಕ್ಕೂ ಹೆಚ್ಚು ಜನ. ಭಾರತದ ಹುಡುಗರು ನೀಲಿ ಅಂಗಿಯಲ್ಲಿ ಬಂದು ಸಾಲಾಗಿ ನಿಂತಾಗ ನನಗೆ ಕಂಡದ್ದು ಆಟಗಾರರ ತಂಡವಲ್ಲ, ಹತ್ತನೆಯ ತರಗತಿಯ ಪ್ರಾರ್ಥನೆಯ ಸಾಲು. 2000ದ ಜನವರಿ 1ರಂದು ಅಥವಾ ಆನಂತರ ಹುಟ್ಟಿದವರಿಗೆ ಮಾತ್ರ ಅಲ್ಲಿ ಅವಕಾಶ. ಮೀಸೆ ಇನ್ನೂ ಸರಿಯಾಗಿ ಮೂಡದ ಮುಖಗಳು. 21 ಜನರ ತಂಡದಲ್ಲಿ 8 ಮಂದಿ ಮಣಿಪುರದವರು, ನಾಯಕ ಅಮರಜಿತ್ ಸಿಂಗನೂ ಸೇರಿ. ನಮ್ಮ ಬೆಂಗಳೂರಿನ ಸಂಜೀವ್ ಸ್ಟಾಲಿನ್ ಇದ್ದ. ಮೊದಲರ್ಧದ ಕೊನೆಗೆ ಕೇರಳದ ರಾಹುಲ್ ಒದ್ದ ಚೆಂಡು ಕಂಬಕ್ಕೆ ತಗುಲಿ ಹಿಂದೆ ಬಂದಾಗ ಇಡೀ ಕ್ರೀಡಾಂಗಣ ತಲೆಯ ಮೇಲೆ ಕೈ ಹೊತ್ತಿತು. ವಿರಾಮದ ನಂತರ ಕೊಲಂಬಿಯ ಒಂದು ಗೋಲು ಹೊಡೆಯಿತು. 82ನೆಯ ನಿಮಿಷದಲ್ಲಿ ನಮಗೊಂದು ಕಾರ್ನರ್. ಸಂಜೀವ್ ಒದ್ದ, ಜೀಕ್ಸನ್ ಸಿಂಗ್ ಎಂಬ ನೀಳಕಾಯದ ಮಣಿಪುರಿ ಹುಡುಗ ಎಲ್ಲರಿಗಿಂತ ಎತ್ತರಕ್ಕೆ ನೆಗೆದು ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದ. ಫಿಫಾ ವಿಶ್ವಕಪ್ಪಿನಲ್ಲಿ ಭಾರತದ ಮೊದಲ ಗೋಲು. ಹವಾಲ್ದಾರ ನನ್ನನ್ನು ಸೊಂಟ ಹಿಡಿದು ಎತ್ತಿಬಿಟ್ಟ. ನನ್ನ ಕನ್ನಡಕ ಮುಂದಿನ ಸಾಲಿಗೆ ಹಾರಿತು. ಅದನ್ನು ಹುಡುಕಿ ಮೂಗಿನ ಮೇಲೆ ಏರಿಸುವಷ್ಟರಲ್ಲಿ ಕೊಲಂಬಿಯದ ಪೆನಲೋಸಾ ಎರಡನೆಯ ಗೋಲು ಹೊಡೆದಾಗಿತ್ತು. ಆ ಗೋಲನ್ನು ನಾನು ನೋಡಲಿಲ್ಲ, ನೋಡದಿದ್ದುದಕ್ಕೆ ವಿಷಾದವೂ ಇಲ್ಲ. 1-2. ಲಂಡನ್ನಿನ ಅದೇ ಅಂಕ.

ಪಂದ್ಯ ಮುಗಿದ ಮೇಲೆ ನಮ್ಮ ಹುಡುಗರಲ್ಲಿ ಕೆಲವರು ಹುಲ್ಲಿನ ಮೇಲೆ ಕುಳಿತೇಬಿಟ್ಟರು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನನ್ನ ಪಕ್ಕದಲ್ಲಿ ನಿಂತವನೂ ತಟ್ಟುತ್ತಿದ್ದ. ಅವನ ಎಡ ಅಂಗೈಯ ಮೇಲೆ ಹಳೆಯ ಗೀರೊಂದಿತ್ತು. ಅದು ಹಾರೆಯದೋ ಸೈನ್ಯದ್ದೋ ಎಂದು ಕೇಳುವ ಧೈರ್ಯವಾಗಲಿಲ್ಲ.

ಮರುದಿನ ಮಧ್ಯಾಹ್ನ ಗೋವಾ ಎಕ್ಸ್‌ಪ್ರೆಸ್. ಹೊರಡುವ ಮುನ್ನ ಅವನ ಮಗನ ಕೈಗೆ ಐನೂರು ರೂಪಾಯಿ ಇಟ್ಟು "ಚೆಂಡು ತಗೋ" ಎಂದೆ. ಹುಡುಗ ಎಂಟನೆಯ ತರಗತಿ. "ನಾನು ಕ್ರಿಕೆಟ್ ಆಡೋದು ತಾತಾ" ಎಂದ. ಅವನಪ್ಪ ಬಿದ್ದು ಬಿದ್ದು ನಕ್ಕ. ಸಾಲ ತೀರಿಸುವುದು ಅಷ್ಟು ಸುಲಭವಾಗಿರಲಿಲ್ಲ.

ಆ ರಾತ್ರಿ ರೈಲಿನಲ್ಲಿ ಬೋಗಿಯ ಹುಡುಗನೊಬ್ಬ ಕೂಗಿದ: ಮಡಗಾಂವ್‌ನಲ್ಲಿ ಇರಾನ್ ಜರ್ಮನಿಯನ್ನು 4-0ರಿಂದ ಸೋಲಿಸಿದೆ. ನನಗೆ ನಂಬಿಕೆಯಾಗಲಿಲ್ಲ. ಹದಿಮೂರರಂದು ಫತೋರ್ಡಾ ಕ್ರೀಡಾಂಗಣದಲ್ಲಿ ಕೋಸ್ಟರಿಕಾವನ್ನು ಅವರು 3-0ರಿಂದ ಮಣಿಸುವುದನ್ನು ಕಣ್ಣಾರೆ ಕಂಡೆ. ಸೊಗಸಾದ ಆಟ, ಚೆಂಡನ್ನು ತಮ್ಮ ಕಾಲಲ್ಲಿ ಇಟ್ಟುಕೊಳ್ಳುವ ಆತುರವಿಲ್ಲ, ಇನ್ನೊಬ್ಬನಿಗೆ ಕೊಡುವ ಆತುರ. ನನ್ನ ಪಕ್ಕದಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಇಬ್ಬರು ಇರಾನಿ ವಿದ್ಯಾರ್ಥಿಗಳು ಕುಳಿತಿದ್ದರು. ಅವರಿಗೆ ಬರುತ್ತಿದ್ದ ಕನ್ನಡ "ಎಷ್ಟು?" ಮತ್ತು "ಸ್ವಲ್ಪ ಸ್ವಲ್ಪ". ಜಮೀನು, ಕಾಗದ, ದರ್ಜಿ, ಬಜಾರು ನಿಮ್ಮ ಭಾಷೆಯಿಂದ ನಮ್ಮಲ್ಲಿಗೆ ಬಂದವು ಎಂದೆ. ಅವರು ಎದುರಿನ ಹುಲ್ಲನ್ನು ತೋರಿಸಿ, ಇದಕ್ಕೇನೆನ್ನುತ್ತೀರಿ ಎಂದು ಕೇಳಿದರು. "ಮೈದಾನ" ಎಂದೆ. ಇಬ್ಬರೂ ಹುಬ್ಬೇರಿಸಿದರು. ಅವರಿಗೂ ಅದು ಮೈದಾನವೇ. ಇಷ್ಟು ವರ್ಷ ಇರಾನನ್ನು ಭೂಪಟದಲ್ಲಿ ತೈಲ ನಿಕ್ಷೇಪಗಳ ಚುಕ್ಕೆಗಳಾಗಿ ಮಾತ್ರ ತೋರಿಸಿದವನು ನಾನು.

ದೀಪಾವಳಿಗೆಂದು ಊರಿಗೆ ಮರಳಿದೆ. ಬಲಿಪಾಡ್ಯಮಿಯ ಮರುದಿನವೇ ಮತ್ತೆ ಹೊರಟಾಗ ಮನೆಯವರು ನಗಲಿಲ್ಲ, ಮಾತೂ ಆಡಲಿಲ್ಲ. ರಾತ್ರಿಯ ಐಲೆಂಡ್ ಎಕ್ಸ್‌ಪ್ರೆಸ್ ಹಿಡಿದು ಎರ್ನಾಕುಲಂ ತಲುಪಿ, 22ರಂದು ಕೊಚ್ಚಿಯಲ್ಲಿ ಸ್ಪೇನ್ ಮತ್ತು ಇರಾನ್ ನಡುವಿನ ಕ್ವಾರ್ಟರ್ ಫೈನಲ್ ನೋಡಿದೆ. ಸ್ಪೇನ್ ಬಲವಾಗಿತ್ತು. ಮೂರು ಗೋಲು ಬಿದ್ದ ಮೇಲೆ ಇರಾನ್ ಒಂದನ್ನು ಹೊಡೆಯಿತು, ಅಷ್ಟೇ. ಬೇರೆ ಯಾರ ದೇಶವೋ ಸೋತದ್ದಕ್ಕೆ ಅಷ್ಟು ಬೇಸರವಾಗುತ್ತದೆಂದು ಎಣಿಸಿರಲಿಲ್ಲ. ಆದರೆ ಕೊನೆಯ ಸೀಟಿಯ ನಂತರ ಅಂಗಿಯಿಂದ ಮುಖ ಮುಚ್ಚಿಕೊಂಡು ನಿಂತ ಹುಡುಗನೊಬ್ಬನ ಬಳಿಗೆ ಅವರ ತಂಡದ ಹಿರಿಯರೊಬ್ಬರು ನಡೆದು ಬಂದು, ಏನೂ ಮಾತಾಡದೆ, ಅವನ ತಲೆಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತರು. ಜನ ಖಾಲಿಯಾಗುವವರೆಗೂ ನಾನು ಆ ಕಡೆಗೇ ನೋಡುತ್ತಿದ್ದೆ.

ಊರಿಗೆ ಬಂದು ಅವನಿಗೊಂದು ಕಾಗದ ಬರೆದೆ. ಇನ್‌ಲ್ಯಾಂಡ್ ಪತ್ರದಲ್ಲಿ, ಶಾಯಿಯಲ್ಲಿ. ಮೂರು ಸಲ ಹರಿದು ಬರೆದದ್ದು. ಕೆಂಪು ಶಾಯಿಯ ವಿಷಯ, ಎಲ್ಲರ ಮುಂದೆ ನಿಲ್ಲಿಸಿದ ವಿಷಯ ಎಲ್ಲವನ್ನೂ ಬರೆದು, ತಪ್ಪು ನನ್ನದು ಎಂದು ಬರೆದೆ. ಮೇಷ್ಟರ ಉದ್ಯೋಗದಲ್ಲಿದ್ದಷ್ಟು ಕಾಲ ಆ ಎರಡು ಪದಗಳನ್ನು ಯಾವ ವಿದ್ಯಾರ್ಥಿಗೂ ಬರೆದಿರಲಿಲ್ಲ.

28ರ ರಾತ್ರಿ ಕೋಲ್ಕತ್ತದಲ್ಲಿ ಫೈನಲ್. ಮನೆಯಲ್ಲೇ ಟಿ.ವಿ. ಮುಂದೆ ಕುಳಿತಿದ್ದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಇಂಗ್ಲೆಂಡಿನ ಮೇಲೆ ಸ್ಪೇನ್ ಎರಡು ಗೋಲು ಹೊಡೆದಿತ್ತು. ಆಗ ದೂರವಾಣಿ ಬಂತು. ದೆಹಲಿಯಿಂದ.

"ಕಾಗದ ಬಂತು ಸಾರ್" ಎಂದ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅವನ ಮನೆಯ ಟಿ.ವಿ.ಯ ಸದ್ದು ನನಗೆ ಕೇಳುತ್ತಿತ್ತು, ನಮ್ಮದರ ಸದ್ದು ಅವನಿಗೆ ಕೇಳುತ್ತಿದ್ದಿರಬೇಕು. ಅಷ್ಟರಲ್ಲಿ ಬ್ರೂಸ್ಟರ್ ಎಂಬ ಹುಡುಗ ಇಂಗ್ಲೆಂಡಿನ ಮೊದಲ ಗೋಲು ಹೊಡೆದ. ಅಲ್ಲಿ ಅವನೂ ಇಲ್ಲಿ ನಾನೂ ಒಟ್ಟಿಗೆ ಕೂಗಿದೆವು. ಇಂಗ್ಲೆಂಡ್ 5-2ರಿಂದ ಗೆದ್ದಿತು. ಕೊನೆಯ ಗೋಲಿನವರೆಗೂ ದೂರವಾಣಿಯನ್ನು ಯಾರೂ ಕೆಳಗಿಡಲಿಲ್ಲ.