ಸರ್ಕಾರಿ ವಕೀಲರ ಎದುರು ನಾವಿಬ್ಬರೇ



ಪೂಜೆ ಮುಗಿದ ಮೇಲೆ ನಿಮ್ಮಲ್ಲಿ ಹಲವರು ಕೇಳುತ್ತೀರಿ, "ಕೇಸು ಏನಾಯಿತು?" ಎಂದು. ಒಂದೇ ಸಲ ಬರೆದುಬಿಡುತ್ತೇವೆ.

ಹೋದ ಬೇಸಿಗೆಯಲ್ಲಿ ಸೋನ್ಯಾಳದಲ್ಲಿ ಟ್ಯಾಂಕರ್ ನೀರಿನ ಸರದಿಗಾಗಿ ಜಗಳವಾಗಿ, ನಾವು ಅಣ್ಣತಮ್ಮ ಇಬ್ಬರೂ ನೆರೆಮನೆಯವರನ್ನು ಹೊಡೆದೆವು. ಹೊಡೆದದ್ದು ನಿಜ. ಆರೋಪ ಭಾರತೀಯ ನ್ಯಾಯ ಸಂಹಿತೆಯ 115(2)ನೇ ಕಲಮಿನದು: ಒಂದು ವರ್ಷದವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಜತ್ತ ಕೋರ್ಟಿಗೆ ವಕೀಲರಿಲ್ಲದೆ ಹೋದೆವು. ಕಾಗದಗಳೆಲ್ಲ ಮರಾಠಿಯಲ್ಲಿ, ನಾವು ಓದಿದ್ದು ಕನ್ನಡ ಶಾಲೆಯಲ್ಲಿ. ಹೊರಗೆ ನಿಂತಿದ್ದ ಯಾರೋ ಒಬ್ಬರು, "ತಪ್ಪಾಯ್ತು ಅನ್ನಿ, ದಂಡ ಕಟ್ಟಿ, ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿ" ಎಂದರು. ಎಷ್ಟು ಸುಲಭ ಅನ್ನಿಸಿತು! ಸರ್ಕಾರಿ ವಕೀಲರ ಬಳಿ ಹೋಗಿ ಕೈಮುಗಿದು, "ದಂಡ ಸ್ವಲ್ಪ ಕಡಿಮೆ ಮಾಡಿಸಿ" ಎಂದು ಕೇಳಿದೆವು. ಅವರು ಮರ್ಯಾದೆಯಿಂದಲೇ ಹೇಳಿದರು: "ನಾನು ನಿಮ್ಮ ವಕೀಲನಲ್ಲ, ಸರ್ಕಾರದ ಪರ. ಮೊದಲು ಕಾನೂನು ಸೇವಾ ಸಮಿತಿಗೆ ಹೋಗಿ." ಆ ಮಾತಿಗೆ ಇಂದಿಗೂ ಋಣಿ.

ಅಲ್ಲಿಂದ ಸಿಕ್ಕ ಉಚಿತ ವಕೀಲರು ಎರಡು ದಾರಿ ಬಿಡಿಸಿ ಹೇಳಿದರು. 2006ರಿಂದ ನಮ್ಮ ದೇಶದಲ್ಲಿ ತಪ್ಪೊಪ್ಪಿಗೆಯ ಚೌಕಾಶಿ ಇದೆ. ಸರ್ಕಾರಿ ವಕೀಲರು, ಪೊಲೀಸರು, ಪೆಟ್ಟು ತಿಂದವರು, ಆರೋಪಿ ಕೂತು ಒಪ್ಪಂದಕ್ಕೆ ಬರಬಹುದು, ಶಿಕ್ಷೆ ಕಡಿಮೆಯಾಗಬಹುದು. ಆದರೆ ಅಪರಾಧಿ ಎಂಬ ಹೆಸರು ಉಳಿಯುತ್ತದೆ. ತಮ್ಮ ಪೊಲೀಸ್ ಭರ್ತಿಗೆ ಓಡುತ್ತಿದ್ದ. ಇನ್ನೊಂದು ದಾರಿ ರಾಜಿ. ಇಂಥ ಸಣ್ಣ ಗಾಯದ ಕೇಸನ್ನು ಪೆಟ್ಟು ತಿಂದವರೇ ರಾಜಿ ಮಾಡಿಕೊಳ್ಳಬಹುದು, ಅದಕ್ಕೆ ಖುಲಾಸೆಯ ಫಲವೇ ಇದೆ. ಅಂದರೆ ನಾವು ಚೌಕಾಶಿಗೆ ನಿಂತದ್ದೇ ತಪ್ಪು ಬಾಗಿಲಲ್ಲಿ!

ಸರಿಯಾದ ಬಾಗಿಲು ನಮ್ಮ ಮನೆಯಿಂದ ಇಪ್ಪತ್ತು ಹೆಜ್ಜೆ. ಕೋರ್ಟಿಗಿಂತ ಅದಕ್ಕೇ ಹೆಚ್ಚು ಹೆದರಿದೆವು. ಮೊದಲ ಸಲ ಅವರು ಬಾಗಿಲು ತೆಗೆಯಲಿಲ್ಲ. ಎರಡನೇ ಸಲ ಅವ್ವ ಜೊತೆಗೆ ಬಂದಳು. ಆಸ್ಪತ್ರೆಯ ಖರ್ಚು ಕೊಡಬೇಕು, ಟ್ಯಾಂಕರ್ ಬಂದಾಗ ಎಲ್ಲರೆದುರು ತಪ್ಪು ಒಪ್ಪಿಕೊಳ್ಳಬೇಕು ಎಂದರು. ಒಪ್ಪಿಕೊಂಡೆವು, ಕೊಡ ಹಿಡಿದ ಇಡೀ ಓಣಿ ನೋಡುತ್ತಿತ್ತು.

ಮುಂದಿನ ತಾರೀಕಿಗೆ ಅವರೂ ನಮ್ಮ ಜೊತೆ ಅದೇ ಬಸ್ಸಿನಲ್ಲಿ ಬಂದು ಸಾಹೇಬರ ಮುಂದೆ ರಾಜಿ ಹೇಳಿದರು. ಖರ್ಚಿನಲ್ಲಿ ಇನ್ನೂ ಎರಡು ಕಂತು ಬಾಕಿ ಇದೆ.

ನಿಮ್ಮಲ್ಲಿ ಯಾರಿಗಾದರೂ ಸಮನ್ಸ್ ಬಂದರೆ, ಯಾವುದಕ್ಕೂ ಹೂಂ ಅನ್ನುವ ಮೊದಲು 15100ಕ್ಕೆ ಫೋನ್ ಮಾಡಿ.