ಎರಡು ಪರದೆಗಳು ಮತ್ತು ಅಮ್ಮನ ನೋಟುಬುಕ್ಕು

ಮನೆಗೆ ಬಂದವರೆಲ್ಲ ನನ್ನ ಮೇಜಿನ ಮೇಲೆ ಎರಡು ಮಾನಿಟರುಗಳೇಕೆ ಎಂದು ಕೇಳುತ್ತಾರೆ. ನಿವೃತ್ತ ಮೇಷ್ಟರಿಗೆ ಇದೊಂದು ಹೊಸ ಶೋಕಿ ಎಂದು ನಗುವವರೂ ಉಂಟು. ಬಂಧುಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಒಮ್ಮೆಗೇ ಉತ್ತರ ಹೇಳಿಬಿಡುವುದು ಲೇಸೆಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ತಾಯಿ ಓದಿದ್ದು ಮೂರನೆಯ ತರಗತಿಯವರೆಗೆ. ಆದರೂ ಸೋಬಾನೆ, ಆರತಿ, ರಾಗಿ ಬೀಸುವ ಹಾಡುಗಳನ್ನು ಒಂದು ದಪ್ಪ ನೋಟುಬುಕ್ಕಿನ ತುಂಬ ಬರೆದಿಟ್ಟಿದ್ದರು. ಈಗ ಶಾಯಿ ಮಾಸುತ್ತಿದೆ, ಹಾಳೆಯ ಅಂಚುಗಳು ಪುಡಿಯಾಗುತ್ತಿವೆ. ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ, ಇನ್‌ಡಿಸೈನ್ ತಂತ್ರಾಂಶದಲ್ಲಿ ಪುಸ್ತಕವಾಗಿ ಅಣಿಗೊಳಿಸುವ ಕೆಲಸಕ್ಕೆ ಕೈಹಾಕಿದ್ದೇನೆ.

ಒಂದು ಗಣಕಯಂತ್ರಕ್ಕೆ ಹಲವು ಪರದೆಗಳನ್ನು ಜೋಡಿಸುವುದು ಹೊಸ ಸಂಗತಿಯೇನಲ್ಲ. 1987ರ ಮ್ಯಾಕಿಂಟಾಷ್ 2ರಲ್ಲಿಯೇ ಅದು ಸಾಧ್ಯವಿತ್ತು; ವಿಂಡೋಸ್ ಬಳಸುವವರಿಗೆ ವಿಂಡೋಸ್ 98ರಿಂದ ದೊರೆಯಿತು. ವಿನ್ಯಾಸಕಾರರು ಸಾಮಾನ್ಯವಾಗಿ ಎದುರಿನ ಪರದೆಯಲ್ಲಿ ಪುಟವನ್ನೂ, ಪಕ್ಕದ್ದರಲ್ಲಿ ಬಣ್ಣ, ಪದರ, ಅಕ್ಷರಶೈಲಿಗಳ ಪ್ಯಾನೆಲ್‌ಗಳನ್ನೂ ಇಟ್ಟುಕೊಳ್ಳುತ್ತಾರೆ. ಚಿತ್ರಗಳು ಹೆಚ್ಚಿರುವ ಕೆಲಸಕ್ಕೆ ಅದು ಯೋಗ್ಯವಾದ ಕ್ರಮ. ನನ್ನ ಕ್ರಮ ಬೇರೆ. ಪಕ್ಕದ ಪರದೆಯನ್ನು ಅಮ್ಮನ ಕೈಬರಹಕ್ಕೆ ಮೀಸಲಿಟ್ಟಿದ್ದೇನೆ.

ಇದಕ್ಕೆ ಕಾರಣವಿದೆ. ಆಕೆ ಹಾಡಿದಂತೆಯೇ ಬರೆದವರು. ‘ಧಾರೆ’ ಅಲ್ಲಿ ‘ದಾರೆ’ಯಾಗಿದೆ, ‘ಶಂಖ’ ‘ಸಂಕ’ವಾಗಿದೆ, ‘ಮುಹೂರ್ತ’ ‘ಮೂರ್ತ’ವಾಗಿದೆ. ಜೀವಮಾನವೆಲ್ಲ ಕೆಂಪು ಶಾಯಿಯ ಪೆನ್ನು ಹಿಡಿದ ಕೈ ಇಂಥ ಕಡೆ ತಾನಾಗಿಯೇ ತಿದ್ದಲು ಹೊರಡುತ್ತದೆ. ಮೂಲವು ಮತ್ತೊಂದು ಕಿಟಕಿಯ ಹಿಂದೆ ಮರೆಯಾಗಿದ್ದರೆ ಅರ್ಧ ಸಾಲನ್ನು ನೆನಪಿನಿಂದಲೇ ಬೆರಳಚ್ಚಿಸುವ ಮನಸ್ಸಾಗುತ್ತದೆ. ಪಕ್ಕದಲ್ಲಿ ದೊಡ್ಡದಾಗಿ ತೆರೆದಿದ್ದರೆ ಸಾಲುಸಾಲಿಗೂ ದೃಷ್ಟಿ ಅತ್ತ ಹರಿಯುತ್ತದೆ. ಸಾಕ್ಷಿಯೊಬ್ಬರು ಜೊತೆಯಲ್ಲಿ ಕುಳಿತಂತಿರುತ್ತದೆ.

ನನ್ನ ತಂಗಿಗೆ ಇದು ಒಪ್ಪಿಗೆಯಿಲ್ಲ. “ಅಣ್ಣಯ್ಯ, ತಪ್ಪುಗಳನ್ನು ಹಾಗೆಯೇ ಅಚ್ಚುಹಾಕಿಸಿದರೆ ಅಮ್ಮನಿಗೆ ಬರೆಯಲು ಬರುತ್ತಿರಲಿಲ್ಲವೆಂದು ಜನ ಆಡಿಕೊಳ್ಳುವುದಿಲ್ಲವೇ?” ಎನ್ನುತ್ತಾಳೆ. ಅವಳ ಸಂಕಟ ನನಗೆ ಅರ್ಥವಾಗದೆ ಇಲ್ಲ. ಆದರೆ ‘ಮೂರ್ತ’ವನ್ನು ‘ಮುಹೂರ್ತ’ವೆಂದು ತಿದ್ದಿದೊಡನೆ ಒಂದಕ್ಷರ ಹೆಚ್ಚಾಗಿ ಹಾಡಿನ ಧಾಟಿಯೇ ಎಡವುತ್ತದೆ. ಹಾಡಿನಲ್ಲಿ ಆಕೆಯ ರೂಪವನ್ನೇ ಉಳಿಸಿ, ಪುಟದ ಅಡಿಯಲ್ಲಿ ಗ್ರಂಥರೂಪವನ್ನು ಸಣ್ಣ ಅಕ್ಷರದಲ್ಲಿ ಕೊಡುವುದೆಂದು ನಾನು ನಿಶ್ಚಯಿಸಿದ್ದೇನೆ. ತಂಗಿ ಇನ್ನೂ ಪೂರ್ತಿ ಒಪ್ಪಿಲ್ಲ.

ಇಂಥ ಕೆಲಸ ಮಾಡುವವರಿಗೆ ಅನುಭವದ ಕೆಲವು ಮಾತುಗಳು. ಕೀಲಿಮಣೆಯಲ್ಲಿ ವಿಂಡೋಸ್ ಗುರುತಿನ ಕೀಲಿಯೊಡನೆ ‘ಪಿ’ ಒತ್ತಿ ‘ಎಕ್ಸ್‌ಟೆಂಡ್’ ಆರಿಸಿದರೆ ಎರಡು ಪರದೆಗಳು ಸೇರಿ ಒಂದೇ ವಿಶಾಲವಾದ ಮೇಜಿನಂತಾಗುತ್ತವೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಕಾಣುವ 1, 2 ಎಂಬ ಚೌಕಗಳನ್ನು ಮಾನಿಟರುಗಳು ನಿಜವಾಗಿ ಇರುವಂತೆಯೇ ಎಳೆದು ಕೂರಿಸಿ. ಇಲ್ಲವಾದರೆ ಬಾಣದ ಗುರುತು ಅಂಚಿನಲ್ಲಿ ತಡೆದು ನಿಲ್ಲುತ್ತದೆ. ಹೆಚ್ಚು ಹೊತ್ತು ನೋಡುವ ಪರದೆ ಮುಖಕ್ಕೆ ನೇರವಾಗಿರಲಿ, ಇನ್ನೊಂದು ಓರೆಯಾಗಿ ಪಕ್ಕದಲ್ಲಿರಲಿ. ಕುತ್ತಿಗೆಗೆ ಇದು ಹಿತ. ‘ವಿಂಡೋ’ ಮೆನುವಿನ ‘ನ್ಯೂ ವರ್ಕ್‌ಸ್ಪೇಸ್’ ಮೂಲಕ ಪ್ಯಾನೆಲ್‌ಗಳ ಜೋಡಣೆಯನ್ನು ಹೆಸರಿಟ್ಟು ಉಳಿಸಿಕೊಂಡರೆ, ಅವು ಚದುರಿದಾಗ ಮತ್ತೆ ಒಂದೊಂದಾಗಿ ಜೋಡಿಸುವ ಶ್ರಮ ತಪ್ಪುತ್ತದೆ. ಅದೇ ಮೆನುವಿನ ‘ಅರೇಂಜ್’ ಅಡಿಯಲ್ಲಿರುವ ‘ನ್ಯೂ ವಿಂಡೋ’ ಒಂದೇ ಪುಟವನ್ನು ಎರಡು ಕಿಟಕಿಗಳಲ್ಲಿ ತೋರಿಸುತ್ತದೆ. ಒಂದರಲ್ಲಿ ಇಡೀ ಪುಟ, ಮತ್ತೊಂದರಲ್ಲಿ ಹಿಗ್ಗಿಸಿದ ಒತ್ತಕ್ಷರ. ಒಂದು ಕಡೆ ಮಾಡಿದ ತಿದ್ದುಪಡಿ ಇನ್ನೊಂದು ಕಡೆಯೂ ಕಾಣುತ್ತದೆ. ಎರಡು ಮಾನಿಟರುಗಳ ಬಣ್ಣ ಸಾಮಾನ್ಯವಾಗಿ ಒಂದೇ ಆಗಿರುವುದಿಲ್ಲ. ಬಣ್ಣದ ತೀರ್ಮಾನವನ್ನು ಒಂದನ್ನೇ ನೋಡಿ ಮಾಡಿರಿ.

2012ರ ಸಿ.ಎಸ್. 6 ಆವೃತ್ತಿಯಿಂದ ಇನ್‌ಡಿಸೈನ್‌ನಲ್ಲಿ ಯುನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸುವ ಅನುಕೂಲವಿದೆ. ‘ವರ್ಲ್ಡ್ ರೆಡಿ ಕಂಪೋಸರ್’ ಆರಿಸಲು ಮರೆಯಬೇಡಿ. ಅದಿಲ್ಲದೆ ಒತ್ತಕ್ಷರಗಳು ಒಡೆದು ಬೀಳುತ್ತವೆ.

ನಿಮ್ಮ ಮನೆಗಳ ಪೆಟ್ಟಿಗೆಗಳಲ್ಲಿಯೂ ಅಜ್ಜಿಯರ ಇಂಥ ನೋಟುಬುಕ್ಕುಗಳು ಇದ್ದಾವು. ಪುಸ್ತಕ ಮಾಡುವ ವಿಚಾರ ನಿಧಾನವಾಗಿಯಾದರೂ ಆಗಲಿ, ಸ್ಕ್ಯಾನ್ ಮಾಡಿಸುವುದನ್ನು ಮಾತ್ರ ಮುಂದೂಡಬೇಡಿ. ಶಾಯಿ ನಮಗಾಗಿ ಕಾಯುವುದಿಲ್ಲ.