ಗುರುವನ್ನು ಕೆಡವಿದ ದಿನ

ಕೌಬಾಯ್ ಸಿನಿಮಾ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಕ್ಲಿಂಟ್ ಈಸ್ಟ್‌ವುಡ್. ಬಾಯಲ್ಲಿ ಸಣ್ಣ ಚುಟ್ಟಾ, ಮೈಮೇಲೆ ಕಂಬಳಿ. ಇಲ್ಲಾಂದ್ರೆ ನಮ್ಮದೇ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’. ನಾನು ಹೇಳಹೊರಟಿರೋದು ಇವೆರಡೂ ಅಲ್ಲ. 1967ರಲ್ಲಿ ಇಟಲಿಯವರು ಮಾಡಿದ ‘ಡೇ ಆಫ್ ಆಂಗರ್’ ಅನ್ನೋ ಚಿತ್ರ. ನಿರ್ದೇಶಕ ಟೊನಿನೊ ವಲೇರಿ, ಈಸ್ಟ್‌ವುಡ್‌ನ ಆ ಕಂಬಳಿ ಚಿತ್ರಗಳನ್ನು ಮಾಡಿದ ಸೆರ್ಜಿಯೋ ಲಿಯೋನೆಗೆ ಸಹಾಯಕನಾಗಿ ದುಡಿದವನು. ಅಂದರೆ ಈ ಗುರು-ಶಿಷ್ಯರ ಕಥೆಯನ್ನು ತೆಗೆದವನೂ ಒಬ್ಬ ಶಿಷ್ಯನೇ.

ಕ್ಲಿಫ್ಟನ್ ಅಂತ ಒಂದು ಊರು. ಅಲ್ಲಿ ಸ್ಕಾಟ್ ಅನ್ನೋ ಹುಡುಗ ಬೀದಿ ಗುಡಿಸ್ತಾನೆ, ಮನೆಮನೆಯ ಪಾಯಖಾನೆ ಡಬ್ಬ ಎತ್ತುತ್ತಾನೆ. ಅಪ್ಪ ಯಾರು ಅಂತ ಗೊತ್ತಿಲ್ಲ. ಊರಿನ ದೊಡ್ಡ ಮನುಷ್ಯರಿಗೆಲ್ಲ ಅವನನ್ನು ಬೈಯೋ ಹಕ್ಕಿದೆ. ಆ ಊರಿಗೆ ಫ್ರಾಂಕ್ ಟ್ಯಾಲ್ಬಿ ಅನ್ನೋ ಬಂದೂಕುಗಾರ ಬರ್ತಾನೆ. ಲೀ ವ್ಯಾನ್ ಕ್ಲೀಫ್, ಹದ್ದಿನ ಕಣ್ಣಿನ ಮನುಷ್ಯ. ಹುಡುಗನ ಹೆಸರು ಕೇಳ್ತಾನೆ. ಬರೀ ಸ್ಕಾಟ್, ಮನೆತನದ ಹೆಸರಿಲ್ಲ. ತಾಯಿಯ ಹೆಸರು? ಮೇರಿ. ಹಾಗಾದರೆ ಇನ್ನು ಮುಂದೆ ನೀನು ಸ್ಕಾಟ್ ಮೇರಿ ಅಂತಾನೆ ಟ್ಯಾಲ್ಬಿ. ಇಡೀ ಊರು ಕೊಡದ ಹೆಸರನ್ನು ಅಪರಿಚಿತನೊಬ್ಬ ಒಂದೇ ನಿಮಿಷದಲ್ಲಿ ಕೊಟ್ಟುಬಿಡ್ತಾನೆ. ಮಾಯಕ್ಕನ ಚಿಂಚಲಿಯವನು ನಾನು, ಅವ್ವನ ಹೆಸರಿನ ಮೇಲೆಯೇ ನಡೆಯೋ ಊರು ನಮ್ಮದು. ಪಿಚ್ಚರು ನನಗೆ ಇಲ್ಲೇ ಹಿಡಿಸಿತು.

ಹುಡುಗ ತನ್ನ ಹೇಸರಗತ್ತೆ ಏರಿ ಟ್ಯಾಲ್ಬಿಯ ಹಿಂದೆ ಹೊರಡ್ತಾನೆ. ಟ್ಯಾಲ್ಬಿ ಪಾಠ ಶುರು ಮಾಡ್ತಾನೆ. ಒಂದೊಂದು ಪಾಠಕ್ಕೂ ಒಂದೊಂದು ನಂಬರು. ಮೊದಲನೇದು, ಯಾರ ಹತ್ತಿರವೂ ಬೇಡಬೇಡ. ಎರಡನೇದು, ಯಾರನ್ನೂ ನಂಬಬೇಡ. ಹೀಗೇ ಸಾಗುತ್ತೆ. ನೋಡ್ತಾ ನೋಡ್ತಾ ನನಗೆ ಲಿಂಕ್ಡ್‌ಇನ್ ನೆನಪಾಗಿ ನಗು ಬಂತು. ‘ನನ್ನ ಮೊದಲ ಮ್ಯಾನೇಜರ್ ಕಲಿಸಿದ ಹತ್ತು ಪಾಠಗಳು’ ಅಂತ ಬರ್ತಾವಲ್ಲ, ಥೇಟ್ ಅದೇ. ವ್ಯತ್ಯಾಸ ಇಷ್ಟೇ, ಟ್ಯಾಲ್ಬಿ ಒಂದೊಂದು ಪಾಠದ ಫೀಸನ್ನೂ ಅಲ್ಲೇ ಏಟು ಕೊಟ್ಟೋ, ಗುಂಡು ಹಾರಿಸಿಯೋ ವಸೂಲಿ ಮಾಡ್ತಾನೆ.

ಆದರೆ ಹುಡುಗನಿಗೆ ಇದಕ್ಕೂ ಮೊದಲೇ ಒಬ್ಬ ಗುರು ಇದ್ದ. ಕುದುರೆ ಲಾಯದ ಮುದುಕ ಮರ್ಫ್. ಊರಲ್ಲಿ ಸ್ಕಾಟ್‌ನನ್ನು ಮನುಷ್ಯ ಅಂತ ಕಂಡವನು. ಅವನ ಪಾಠಗಳಿಗೆ ನಂಬರಿಲ್ಲ, ಹಾಗಾಗಿ ಅವು ಪಾಠ ಅಂತ ಹುಡುಗನಿಗೆ ಅನ್ನಿಸಿಯೇ ಇಲ್ಲ. ಟ್ಯಾಲ್ಬಿಗೆ ವಯಸ್ಸಾಗ್ತಿದೆ, ನಿನ್ನನ್ನ ತನ್ನ ಕೆಲಸಕ್ಕೆ ಬಳಸಿಕೊಳ್ತಾನೆ ಅಂತ ಮರ್ಫ್ ಎಚ್ಚರಿಸ್ತಾನೆ. ಹುಡುಗ ಕೇಳಲ್ಲ. ಕೊನೆಗೆ ಶೆರಿಫ್ ಆದ ಮರ್ಫ್‌ನನ್ನು ಟ್ಯಾಲ್ಬಿಯೇ ಕೊಲ್ತಾನೆ. ಆಮೇಲೆ ಶಿಷ್ಯ ಗುರುವಿನ ಎದುರು ನಿಲ್ತಾನೆ. ಸಿನಿಮಾಗೆ ಅರವತ್ತು ವರ್ಷ ಹತ್ತಿರವಾಯ್ತು, ಕ್ಲೈಮ್ಯಾಕ್ಸ್ ಹೇಳಿದರೆ ಪಾಪ ಬರಲಿಕ್ಕಿಲ್ಲ: ಟ್ಯಾಲ್ಬಿ ಕಲಿಸಿದ ಪಾಠಗಳನ್ನೇ ಬಳಸಿ ಸ್ಕಾಟ್ ಅವನನ್ನು ಮುಗಿಸ್ತಾನೆ. ಮುಗಿಸಿ, ಪಿಸ್ತೂಲು ಎಸೆದುಬಿಡ್ತಾನೆ.

ನೋಡಿ ಮುಗಿಸಿದಾಗ ನನಗೆ ನೆನಪಾಗಿದ್ದು ಅಮೆರಿಕವಲ್ಲ, ಚಿತ್ರದುರ್ಗದ ಕೋಟೆ.

1972ರ ‘ನಾಗರಹಾವು’ ಗೊತ್ತಲ್ಲ. ತ.ರಾ.ಸು. ಕಾದಂಬರಿಗಳು, ಪುಟ್ಟಣ್ಣ ಕಣಗಾಲ್ ನಿರ್ದೇಶನ. ಊರೆಲ್ಲ ಉಡಾಳ ಅಂತ ಕೈಬಿಟ್ಟ ರಾಮಾಚಾರಿಯನ್ನು ನಂಬಿದವರು ಒಬ್ಬರೇ, ಚಾಮಯ್ಯ ಮೇಷ್ಟ್ರು. ವಿಷ್ಣುವರ್ಧನ್ ಮತ್ತು ಅಶ್ವತ್ಥ್. ಆದರೆ ಈ ಮೇಷ್ಟ್ರು ಶಿಷ್ಯನ ಹತ್ತಿರ ಒಂದನ್ನು ಕೇಳ್ತಾರೆ. ಅಲಮೇಲುನ ಬಿಟ್ಟುಬಿಡು ಅಂತಾರೆ. ಜಾತಿ ಬೇರೆ, ಮನೆಯವರಿಗೆ ಕಷ್ಟ. ಬೇರೆ ಯಾರು ಹೇಳಿದ್ದರೂ ಕೇಳದ ರಾಮಾಚಾರಿ, ಮೇಷ್ಟ್ರು ಹೇಳಿದರು ಅಂತ ಬಿಡ್ತಾನೆ. ಮುಂದೊಂದು ದಿನ ಅದೇ ಅಲಮೇಲು ಒಂದು ಹೋಟೆಲಿನಲ್ಲಿ ಮೈ ಮಾರಿಕೊಳ್ಳೋ ಸ್ಥಿತಿಯಲ್ಲಿ ಅವನ ಕಣ್ಣಿಗೆ ಬೀಳ್ತಾಳೆ. ಎರಡನೇ ಸಲ, ಮಾರ್ಗರೆಟ್ ವಿಷಯದಲ್ಲಿ ಮೇಷ್ಟ್ರು ಮತ್ತೆ ಅಡ್ಡ ಬಂದಾಗ, ಬೆಟ್ಟದ ತುದಿಯಲ್ಲಿ ಶಿಷ್ಯನ ಕೈಯಿಂದಲೇ ಗುರು ಕೆಳಗೆ ಬೀಳ್ತಾರೆ. ಅವರ ಹಿಂದೆಯೇ ರಾಮಾಚಾರಿ, ಮಾರ್ಗರೆಟ್ ಹಾರ್ತಾರೆ.

ನಮ್ಮಪ್ಪ ಈ ಚಿತ್ರವನ್ನು ಟಿವಿಯಲ್ಲಿ ಬಂದಾಗಲೆಲ್ಲ ನೋಡೋರು. ನೋಡಿ ಎದ್ದಾಗ ಪ್ರತಿ ಸಲ ಅದೇ ಮಾತು: “ಮಾಸ್ತರರ ಮಾತ ಕೇಳೀನೂ ಕೆಟ್ಟ, ಕೇಳದನೂ ಕೆಟ್ಟ.” ಚಿಕ್ಕವನಿದ್ದಾಗ ಇದು ರಾಮಾಚಾರಿಗೆ ಬೈಯೋದು ಅಂದ್ಕೊಂಡಿದ್ದೆ. ಈಗ ಕೇಳಿದರೆ ಮೇಷ್ಟ್ರಿಗೆ ಹೇಳಿದ್ದು ಅನ್ನಿಸುತ್ತೆ.

ಟ್ಯಾಲ್ಬಿ ಕೆಟ್ಟವನು, ಚಾಮಯ್ಯ ದೇವರಂಥವರು. ಹೋಲಿಸೋದೇ ತಪ್ಪು ಅಂತ ನೀವು ಅನ್ನಬಹುದು. ಆದರೆ ಇಬ್ಬರೂ ಒಂದು ಜಾಗದಲ್ಲಿ ಒಂದೇ ಥರ. ಕಲಿಸಿದ್ದರ ಲೆಕ್ಕ ಇಟ್ಟುಕೊಂಡಿದ್ದಾರೆ. ಒಬ್ಬ ಸ್ವಾರ್ಥಕ್ಕೆ, ಇನ್ನೊಬ್ಬರು ಪ್ರೀತಿಗೆ. ನಾನು ಹೇಳಿದ ಮೇಲೆ ಮುಗೀತು, ಇವನು ನನ್ನ ಎದುರು ನಿಲ್ಲಲ್ಲ ಅನ್ನೋ ನಂಬಿಕೆ ಇಬ್ಬರಿಗೂ ಇದೆ.

ಇದೆಲ್ಲ ಇಷ್ಟು ತಲೆಗೆ ಹತ್ತಿದ್ದಕ್ಕೆ ಕಾರಣ ಆಫೀಸು. ನನಗೆ ಈ ಕೆಲಸ ಕಲಿಸಿದವರೊಬ್ಬರಿದ್ದಾರೆ. ಹೆಸರು ಬೇಡ, ಕಂಪನಿಯೂ ಬೇಡ. ಬೆಳಗಾವಿ ಕನ್ನಡ, ಮರಾಠಿ, ಹರಕುಮುರುಕು ಇಂಗ್ಲಿಷ್ ಇಟ್ಟುಕೊಂಡು ಬೆಂಗಳೂರಿಗೆ ಬಂದ ಹುಡುಗನನ್ನು ಕ್ಲೈಂಟ್ ಮೀಟಿಂಗಲ್ಲಿ ಪಕ್ಕ ಕೂರಿಸಿಕೊಂಡರು. ನನ್ನ ಉಚ್ಚಾರ ಕೇಳಿ ಒಬ್ಬ ನಕ್ಕಾಗ ಅವನನ್ನು ಒಂದು ನೋಟದಲ್ಲಿ ಸುಮ್ಮನಾಗಿಸಿದರು. ಅವರಿಗೂ ನಂಬರ್ ಹಾಕೋ ಅಭ್ಯಾಸ. “ರೂಲ್ ನಂಬರ್ ಒನ್, ಏನೇ ಇದ್ದರೂ ಮೇಲ್‌ನಲ್ಲಿ ಇರಲಿ. ಬಾಯಲ್ಲಿ ಒಪ್ಪಿಕೊಂಡಿದ್ದನ್ನ ಯಾರೂ ನೆನಪಿಟ್ಟುಕೊಳ್ಳಲ್ಲ.” ನಾನು ಲೀಡ್ ಆಗಿದ್ದು ಅವರಿಂದಲೇ.

ಲೀಡ್ ಆದ ಮೊದಲ ಅಪ್ರೈಸಲ್. ಬೆಲ್ ಕರ್ವ್ ಗೊತ್ತೇ ಇದೆಯಲ್ಲ, ಎಲ್ಲರೂ ಚೆನ್ನಾಗಿ ಮಾಡಿದ್ದರೂ ಕೆಳಗಿನ ಸಾಲಿಗೆ ಯಾರಾದರೂ ಬೀಳಲೇಬೇಕು. ಅವರು ನನ್ನನ್ನು ಟೀಗೆ ಕರೆದುಕೊಂಡು ಹೋಗಿ, ನಮ್ಮ ಟೀಮಿನ ಹೊಸ ಹುಡುಗಿಯ ಹೆಸರು ಹೇಳಿದರು. ಆ ವರ್ಷ ಬಿಲ್ಲಿಂಗ್ ರಿಪೋರ್ಟುಗಳನ್ನು ಒಬ್ಬಳೇ ಕೂತು ಮತ್ತೆ ಬರೆದವಳು ಅವಳು. ಅದು ನನಗೂ ಗೊತ್ತು, ಅವರಿಗೂ ಗೊತ್ತು.

“ಹೊಸಬಳು, ಮುಂದಿನ ವರ್ಷ ಎತ್ತಿಕೊಡೋಣ. ಹಳಬರನ್ನ ಹಾಕಿದರೆ ಬಿಟ್ಟು ಹೋಗ್ತಾರೆ.”

“ಅವಳ ಕೆಲಸ ಹಂಗಿಲ್ಲರಿ ಸರ್,” ಅಂದೆ.

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. “ನಿನ್ನನ್ನ ಇಲ್ಲಿಗೆ ತಂದವನು ನಾನು. ನನಗೋಸ್ಕರ ಒಂದು ಲೈನ್ ಬರೆಯೋಕಾಗಲ್ವಾ?”

ಲೆಕ್ಕ ಹೊರಗೆ ಬಂತು. ಕೆಟ್ಟವರಲ್ಲ ಅವರು. ಮೇಲಿನಿಂದ ಅವರಿಗೂ ಒತ್ತಡ ಇತ್ತು. ಆದರೂ ಆ ಒಂದು ಲೈನ್ ಅವಳ ಬಾಡಿಗೆ, ಅವಳ ಎಜುಕೇಶನ್ ಲೋನಿನ ಕಂತು.

ಆ ವಾರ ನನ್ನ ತಲೆಯಲ್ಲಿ ಓಡಾಡಿದ್ದು ಟ್ಯಾಲ್ಬಿಯೂ ಅಲ್ಲ, ಚಾಮಯ್ಯ ಮೇಷ್ಟ್ರೂ ಅಲ್ಲ. ಚಿಂಚಲಿಯ ತಾಲೀಮಿನ ನಮ್ಮ ವಸ್ತಾದರು.

ಚಿಂಚಲಿ ಎಲ್ಲಿದೆ ಅಂದರೆ, ಬೆಳಗಾವಿಯಿಂದ ಮೀರಜ್‌ಗೆ ಹೋಗೋ ರೈಲಿನಲ್ಲಿ ರಾಯಬಾಗ ದಾಟಿ, ಕುಡಚಿಗೆ ಮೊದಲು. ಮಾಘ ಮಾಸದ ಭಾರತ ಹುಣ್ಣಿಮೆಗೆ ಮಾಯಕ್ಕನ ಜಾತ್ರೆ. ಸಾಂಗ್ಲಿ, ಕೊಲ್ಲಾಪುರ ಕಡೆಯಿಂದ ಎತ್ತಿನ ಗಾಡಿ ಕಟ್ಟಿಕೊಂಡು ಜನ ಬರ್ತಾರೆ, ಭಂಡಾರ ಹಾರಿ ಊರೇ ಅರಿಶಿನ ಬಣ್ಣ ಆಗುತ್ತೆ. ನಮ್ಮ ಈ ಗಡಿ ಭಾಗದಲ್ಲಿ ಜಾತ್ರೆ ಅಂದರೆ ಕುಸ್ತಿ ಬೇಕೇ ಬೇಕು. ಕುಸ್ತಿ ಕಲಿಸೋ ಗುರುವಿಗೆ ನಮ್ಮಲ್ಲಿ ವಸ್ತಾದ ಅಂತಾರೆ. ಏಳು-ಎಂಟನೇ ಕ್ಲಾಸಿನಲ್ಲಿ ನಾನೂ ತಾಲೀಮಿಗೆ ಹೋಗ್ತಿದ್ದೆ. ಎಣ್ಣೆ, ಮಜ್ಜಿಗೆ, ನಿಂಬೆರಸ, ಅರಿಶಿನ ಹಾಕಿ ಹದ ಮಾಡಿದ ಕೆಂಪು ಮಣ್ಣು. ಬೆಳಗಿನ ಐದಕ್ಕೆ ಅದರೊಳಗೆ ಬಿದ್ದು ಎದ್ದರೆ ದಿನವಿಡೀ ಮೈ ಅದರ ವಾಸನೆ ಹೊಡೆಯೋದು.

ಕುಸ್ತಿ ಲೋಕದಲ್ಲಿ ಒಂದು ಹಳೇ ಕಥೆ ಇದೆ. ಪರ್ಷಿಯಾದ ಸಾದಿ ಕವಿ 13ನೇ ಶತಮಾನದಲ್ಲೇ ‘ಗುಲಿಸ್ತಾನ್’ನಲ್ಲಿ ಬರೆದಿದ್ದಾನೆ. ಒಬ್ಬ ಗುರುವಿಗೆ 360 ಪಟ್ಟು ಗೊತ್ತಿದ್ದವು, ಶಿಷ್ಯನಿಗೆ 359 ಕಲಿಸಿದ. ಶಿಷ್ಯ ಸೊಕ್ಕಿನಿಂದ ಗುರುವಿನ ಮೇಲೇ ಬಂದಾಗ, ಉಳಿಸಿಕೊಂಡಿದ್ದ ಆ ಒಂದು ಪಟ್ಟು ಹಾಕಿ ಕೆಡವಿದ. ನಮ್ಮ ತಾಲೀಮಿನಲ್ಲೂ ಈ ಕಥೆ ಓಡಾಡ್ತಿತ್ತು. ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟೆ: “ವಸ್ತಾದರ, ನೀವೂ ಒಂದ ಡಾವ ಇಟ್ಕೊಂಡೀರೇನ್ರಿ?”

ಅವರು ನಕ್ಕರು. “ಇಟ್ಕೊಂಡ ಏನ ಮಾಡ್ಲೋ ತಮ್ಮಾ? ನಾ ಸತ್ತರ ಅದೂ ನನ್ನ ಕೂಡ ಮಣ್ಣಾಗ ಹೋಗತೈತಿ.”

ಇದು ಬರೀ ಮಾತಲ್ಲ ಅಂತ ಗೊತ್ತಾಗಿದ್ದು ಅದೇ ಚಳಿಗಾಲದಲ್ಲಿ. ನಮಗಿಂತ ಆರೇಳು ವರ್ಷ ದೊಡ್ಡವನೊಬ್ಬನಿದ್ದ, ವಸ್ತಾದರ ಮೆಚ್ಚಿನ ಪೈಲ್ವಾನ. ಬೆಳಗಿನ ಜೋರಿನಲ್ಲಿ, ಅಂದರೆ ಅಭ್ಯಾಸದ ಕುಸ್ತಿಯಲ್ಲಿ, ವಸ್ತಾದರೇ ಅವನಿಗೆ ಎದುರು ನಿಲ್ಲೋರು. ಒಂದು ದಿನ ಅವನು ಅವರನ್ನು ಎತ್ತಿ ಅಂಗಾತ ಕೆಡವಿಬಿಟ್ಟ. ಬೆನ್ನು ಪೂರ್ತಿ ಮಣ್ಣಿಗೆ. ಕೆಡವಿದವನೇ ಗಾಬರಿಯಾಗಿ ಅವರ ಕಾಲು ಹಿಡಿದ. ನಾವು ಚಿಕ್ಕವರು ಗೋಡೆಗೆ ಒತ್ತಿಕೊಂಡು ನಿಂತಿದ್ದೆವು.

ವಸ್ತಾದರು ಎದ್ದು ಕೂತರು. ಒಂದು ಹಿಡಿ ಮಣ್ಣು ತಗೊಂಡು ಅವನ ಬೆನ್ನಿಗೆ ತಿಕ್ಕಿ ಹೇಳಿದರು: “ಇನ್ನ ನನ್ನ ಕೂಡ ಜೋರ ಮಾಡಿದ್ರ ನೀ ಬೆಳ್ಯಾಂಗಿಲ್ಲ.” ಮುಂದಿನ ವಾರ ಅವನನ್ನು ರೈಲು ಹತ್ತಿಸಿಕೊಂಡು, ಮೀರಜ್‌ನಲ್ಲಿ ಗಾಡಿ ಬದಲಿಸಿ, ಕೊಲ್ಲಾಪುರಕ್ಕೆ ಕರೆದುಕೊಂಡು ಹೋದರು. ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ ಇರೋ ಊರು, ಕುಸ್ತಿಯ ಕಾಶಿ. ಅಲ್ಲಿನ ಒಂದು ತಾಲೀಮಿನಲ್ಲಿ ಅವನನ್ನು ಬಿಟ್ಟು ಒಬ್ಬರೇ ವಾಪಸ್ ಬಂದರು. ಮರುದಿನ ಬೆಳಿಗ್ಗೆ ಐದಕ್ಕೆ ಎಂದಿನಂತೆ ನಮ್ಮ ಬೈಠಕ್ ಎಣಿಸ್ತಾ ನಿಂತಿದ್ದರು.

ಅವರಿಗೆ ನೋವಾಗಲಿಲ್ಲ ಅಂತಲ್ಲ. ಒಂದೆರಡು ವಾರ ಅವರು ತಾನಾಗಿ ಯಾರ ಜೊತೆಯೂ ಮಾತಾಡಲಿಲ್ಲ. ಆದರೆ ಶಿಷ್ಯ ಕೆಡವಿದ ದಿನ ಏನು ಮಾಡಬೇಕು ಅಂತ ಅವರಿಗೆ ಗೊತ್ತಿತ್ತು. ಟ್ಯಾಲ್ಬಿಗೆ ಗೊತ್ತಿರಲಿಲ್ಲ. ಚಾಮಯ್ಯ ಮೇಷ್ಟ್ರಿಗೂ ಗೊತ್ತಿರಲಿಲ್ಲ. ಕಲಿಸಿದ್ದು ಕಲಿತವನ ಕೈಗೆ ಹೋದ ಮೇಲೆ ಅದು ಅವನದು, ಅದನ್ನು ನಮ್ಮ ಮೇಲೆ ಬಳಸಿದರೂ ಅವನದೇ. ಇಷ್ಟನ್ನು ಒಪ್ಪಿಕೊಳ್ಳದ ಗುರುವನ್ನು ಮೀರೋಕೆ ಶಿಷ್ಯನಿಗೆ ಸಿನಿಮಾದಲ್ಲಿ ಪಿಸ್ತೂಲು ಬೇಕಾಗುತ್ತೆ, ಇಲ್ಲಾ ಬೆಟ್ಟ.

ನನಗೆ ಸಿಕ್ಕಿದ್ದು ರೂಲ್ ನಂಬರ್ ಒನ್. ಆ ಹುಡುಗಿ ವರ್ಷದಲ್ಲಿ ಮಾಡಿದ ಕೆಲಸವನ್ನೆಲ್ಲ ತಾರೀಖು ಸಮೇತ ಪಟ್ಟಿ ಮಾಡಿದೆ. ನಾನು ಕೊಡೋ ರೇಟಿಂಗ್ ಇದು, ಕಾರಣ ಇದು ಅಂತ ಬರೆದು ಅವರಿಗೆ ಮೇಲ್ ಹಾಕಿದೆ. ಹಾಕೋ ಮೊದಲು ಅವರ ಡೆಸ್ಕಿಗೆ ಹೋಗಿ, “ಸರ್, ಹಿಂಗ ಬರೀತಿದೀನ್ರಿ” ಅಂತ ಎದುರಿಗೇ ಹೇಳಿದೆ. ಅವರು ತಲೆ ಎತ್ತಲಿಲ್ಲ. “ಮೇಲ್ ಹಾಕು” ಅಂದರು.

ಅವಳ ರೇಟಿಂಗ್ ಉಳಿಯಿತು. ಕರ್ವ್ ಮಾತ್ರ ತನ್ನ ಪಾಲು ಬಿಡಲಿಲ್ಲ. ಕೆಳಗಿನ ಸಾಲಿಗೆ ಬೇರೆ ಯಾವುದೋ ಟೀಮಿನ ಯಾರದೋ ಹೆಸರು ಹೋಗಿರಬೇಕು. ಆ ಯಾರೋ ಒಬ್ಬರ ಪರವಾಗಿ ಯಾರಾದರೂ ಮೇಲ್ ಹಾಕಿದ್ದರೋ ಇಲ್ಲವೋ. ಇದನ್ನು ಗೆಲುವು ಅಂತ ಕರೆಯೋಕೆ ನನಗೆ ಇವತ್ತಿಗೂ ಮನಸ್ಸಿಲ್ಲ. ಅವರು ನನ್ನ ಜೊತೆ ಟೀಗೆ ಬರೋದು ನಿಂತು ಎರಡು ವರ್ಷವಾಯ್ತು. ಲಿಫ್ಟಿನಲ್ಲಿ ಸಿಕ್ಕರೆ ಊರಲ್ಲಿ ಮಳೆ ಹೆಂಗೆ ಅಂತ ಕೇಳ್ತಾರೆ. ಗಟ್ಟಿ ಮೇಲ್ ಬರೆಯೋಕೆ ಕೂತಾಗ ಈಗಲೂ ತಲೆಯೊಳಗೆ ಕೇಳೋದು ಅವರದೇ ದನಿ. ಅವರ ಋಣ ತೀರಿಲ್ಲ, ತೀರೋದೂ ಬೇಡ.

ಹೋದ ತಿಂಗಳು ಆ ಹುಡುಗಿ ನನ್ನ ಹತ್ತಿರ ಬಂದಳು. ಡೇಟಾ ಟೀಮಿಗೆ ಹೋಗಬೇಕಂತೆ. ಇಲ್ಲಿ ಕಲಿಯೋಕೆ ಇನ್ನೇನೂ ಉಳಿದಿಲ್ಲ ಅಂತ ಮುಖಕ್ಕೇ ಹೇಳಿದಳು, ವಿನಯದಿಂದಲೇ. ರಿಲೀಸಿಗೆ ಆರು ವಾರ ಇತ್ತು, ಅವಳ ಜಾಗಕ್ಕೆ ಯಾರೂ ಇರಲಿಲ್ಲ. ‘ನಿನಗೋಸ್ಕರ ನಾನು ಅವತ್ತು’ ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ಅದು ಎಷ್ಟು ಸಲೀಸಾಗಿ ಬರುತ್ತೆ ಅನ್ನೋದು ಅವತ್ತೇ ನನಗೆ ಗೊತ್ತಾಗಿದ್ದು.

ನೀರು ಕುಡಿದೆ. ಡೇಟಾ ಟೀಮಿನ ಲೀಡ್‌ಗೆ ಫೋನ್ ಹಚ್ಚಿ, “ಒಬ್ಬಳನ್ನ ಕಳಿಸ್ತಿದೀನಿ, ಛಲೋ ನೋಡ್ಕೋರಿ” ಅಂದೆ.